ಮೂವತ್ತೇಳು ಸೆಟ್ ಹಲ್ಲು

ಒಂದು ವಿಭಾಗದಲ್ಲಿ ಇರುವವನು ಒಬ್ಬನೇ ಆದರೆ ಅವನನ್ನು ಆ ವಿಭಾಗದ ಮುಖ್ಯಸ್ಥ ಎನ್ನಬಹುದೇ ಎಂಬುದು ಬಲ್ಲವರು ಕೂತು ಚರ್ಚಿಸಬೇಕಾದ ಪ್ರಶ್ನೆ. ನಮ್ಮ ಕಥಾನಾಯಕ ಅಷ್ಟು ಹೊತ್ತು ಕಾಯುವವನಲ್ಲ. ಮದುವೆಯಾದ ಹೊಸದರಲ್ಲೇ ಮಾವನ ಎದುರು ನಿಂತು "ನಾನು ಸಂದೇಶ ವಿಭಾಗದ ಮುಖ್ಯಸ್ಥ" ಎಂದು ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಹಿಂದೆ ಸರಿಯುವುದಾದರೂ ಹೇಗೆ? ಅಂದಿನಿಂದ ನೆಂಟರು, ನೆರೆಯವರು, ಕೊನೆಗೆ ಹೆಂಡತಿ ಕೂಡ ಅವನನ್ನು ಮುಖ್ಯಸ್ಥ ಎಂದೇ ಕರೆಯತೊಡಗಿದರು. ಹೆಂಡತಿ ಕರೆಯುವಾಗ ಮಾತ್ರ ಧಾಟಿ ಸ್ವಲ್ಪ ಬೇರೆಯಾಗಿರುತ್ತಿತ್ತು.

ಅವನ ಕಂಪನಿಯ ಕೆಲಸ ಇಷ್ಟು. ಹಲ್ಲಿನ ಡಾಕ್ಟರುಗಳ ಕ್ಲಿನಿಕ್ಕುಗಳು ಒಂದು ಕಡೆ, ಹಲ್ಲು ಸೆಟ್ ಮಾಡುವ ಲ್ಯಾಬುಗಳು ಇನ್ನೊಂದು ಕಡೆ, ನಡುವೆ ಇವರು. ಡಾಕ್ಟರು ಬಾಯಿಯ ಅಳತೆ ತೆಗೆದು ಕಂಪ್ಯೂಟರಿಗೆ ಹಾಕಿದರೆ, ಇವರ ಕಂಪ್ಯೂಟರು ಲ್ಯಾಬಿನ ಕಂಪ್ಯೂಟರಿಗೆ "ಇಂಥವರಿಗೆ ಇಂಥ ಹಲ್ಲು ಬೇಕು" ಎಂದು ತಾನಾಗಿಯೇ ಸುದ್ದಿ ಮುಟ್ಟಿಸುತ್ತದೆ. ಇದಕ್ಕೆ ಆಫೀಸಿನಲ್ಲಿ ವೆಬ್‌ಹುಕ್ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಖ್ಯಸ್ಥ ಆ ಹುಕ್ಕನ್ನು ಎಲ್ಲಿ ಸಿಕ್ಕಿಸಿದ್ದಾರೆ ಎಂದು ಮೇಜಿನ ಕೆಳಗೆಲ್ಲ ಹುಡುಕಿದ್ದ.

ಸುದ್ದಿ ಮುಟ್ಟಿದ ಐದು ಸೆಕೆಂಡಿನೊಳಗೆ ಲ್ಯಾಬಿನ ಕಂಪ್ಯೂಟರು "ಬಂತು" ಎಂದು ಉತ್ತರ ಕೊಡಬೇಕು. ಕೊಟ್ಟರೆ ಪರದೆಯ ಮೇಲೆ ಹಸಿರು ಚುಕ್ಕೆ, ಕೊಡದಿದ್ದರೆ ಕೆಂಪು ಚುಕ್ಕೆ. ಕೆಂಪಾದದ್ದನ್ನು ಕಂಪ್ಯೂಟರು ಅದೇ ನಂಬರಿನಲ್ಲಿ ಬಿಟ್ಟು ಬಿಟ್ಟು ಆರು ಸಲ ಕಳಿಸಿ ನೋಡುತ್ತದೆ. ಆರಕ್ಕೂ ಉತ್ತರವಿಲ್ಲದಿದ್ದರೆ ಕೈಚೆಲ್ಲಿ ಮುಖ್ಯಸ್ಥನ ಮೇಜಿಗೆ ತಳ್ಳುತ್ತದೆ. ಅವನು ಆ ಲ್ಯಾಬಿಗೆ ಫೋನು ಮಾಡಿ ವಿಚಾರಿಸಬೇಕು, ಬೇಕೆನಿಸಿದರೆ 'ಮತ್ತೆ ಕಳಿಸು' ಎಂಬ ಗುಂಡಿ ಒತ್ತಬೇಕು. ಮೊದಲು ಫೋನು, ಆಮೇಲೆ ಗುಂಡಿ. ಅವನಿಗೆಂದೇ ಈ ಎರಡು ಮಾತನ್ನು ದಪ್ಪ ಅಕ್ಷರದಲ್ಲಿ ಗೋಡೆಗೆ ಅಂಟಿಸಿದ್ದರು.

ಇದರಲ್ಲಿ ಫೋನಿನ ಭಾಗ ಒಂದು ತಿಂಗಳಿಂದ ಕೆಟ್ಟು ಕೂತಿತ್ತು. ಕೆಟ್ಟದ್ದು ಫೋನಲ್ಲ, ಮಾತುಕತೆ. ಊರಾಚೆಯ ದೊಡ್ಡ ಲ್ಯಾಬಿನವನು ಹಲ್ಲು ತಯಾರಿಸುವ ಹೊಸ ಯಂತ್ರಗಳನ್ನು ತರಿಸಿದ್ದ. ಆರ್ಡರು ಬಂದರೆ ಸಾಕು, ಯಂತ್ರ ತಾನೇ ಓದಿ, ತಾನೇ ಹಲ್ಲು ಮಾಡಿ, ತಾನೇ ಡಬ್ಬಿಗೆ ತುಂಬುತ್ತಿತ್ತು. ಮನುಷ್ಯರ ಕೈ ಸೋಕುವ ಗೊಡವೆಯೇ ಇಲ್ಲ. ಆದರೆ ಆ ಲ್ಯಾಬಿನ ಆರ್ಡರುಗಳೆಲ್ಲ ಮುಖ್ಯಸ್ಥನ ಪರದೆಯಲ್ಲಿ ಕೆಂಪಗೆ ಮಿನುಗುತ್ತಿದ್ದವು. ಅವನು ಫೋನು ಮಾಡಿ ದಬಾಯಿಸಿದ.

"ನಿಮ್ಮ ಕಂಪ್ಯೂಟರಿಗೆ ಸ್ವಲ್ಪ ಮರ್ಯಾದೆ ಕಲಿಸ್ರೀ. ಬಂತು ಅಂತ ಒಂದು ಮಾತು ಹೇಳೋಕೆ ಅದಕ್ಕೇನು ಬಾಯಿ ನೋವಾ?"

"ನೋಡಿ ಸ್ವಾಮಿ, ಹಲ್ಲು ಪೂರ್ತಿ ತಯಾರಾಗಿ ಡಬ್ಬಿ ಸೇರಿದ ಮೇಲೇ ನನ್ನ ಕಂಪ್ಯೂಟರು ಹೂಂ ಅನ್ನೋದು. ಕೆಲಸ ಮಾಡದೇನೇ ಹೂಂ ಹೂಂ ಅನ್ನೋರನ್ನ ನಾನು ಬೇಕಾದಷ್ಟು ನೋಡಿದೀನಿ. ನನ್ನ ಲ್ಯಾಬಲ್ಲಿ ಅದೆಲ್ಲ ನಡೆಯಲ್ಲ. ನೀವು ಮೊದಲು ಕಾಯೋದು ಕಲೀರಿ" ಎಂದು ಲ್ಯಾಬಿನವನು ಫೋನು ಕುಕ್ಕಿದ.

ಈ ಕಥೆಯ ಬೀಗದ ಕೈ ಪೂರ್ತಿಯಾಗಿ ಆ ಮಾತಿನಲ್ಲೇ ಇತ್ತು. ಮುಖ್ಯಸ್ಥನ ಕಿವಿಗೆ ಬಿದ್ದದ್ದು ಮಾತ್ರ "ಕಾಯೋದು ಕಲೀರಿ" ಎಂಬ ಕೊನೆಯ ತುಂಡು. ಇನ್ನು ಜನ್ಮದಲ್ಲಿ ಆ ಮನುಷ್ಯನಿಗೆ ಫೋನು ಮಾಡುವುದಿಲ್ಲ ಎಂದು ಅವನು ಪ್ರತಿಜ್ಞೆ ಮಾಡಿದ. ಪಕ್ಕದ ಮೇಜಿನ ಪ್ರೋಗ್ರಾಮರ್ ಮೇಡಂ ನಿಟ್ಟುಸಿರುಬಿಟ್ಟು, ಆ ಲ್ಯಾಬಿನ ಕೆಂಪು ಚುಕ್ಕೆಗಳನ್ನೆಲ್ಲ ತಾವೇ ಫೋನು ಮಾಡಿ ಸರಿಪಡಿಸುತ್ತ ಬಂದರು. ಲೋಕ ನಡೆಯುತ್ತಿತ್ತು.

ಇನ್ನು ಮಾವನ ವಿಷಯ. ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿಗಳನ್ನು ನಡುಗಿಸಿದವರು. ಅವರು ಮಗಳು ಅಳಿಯನ ಜೊತೆ ಇದ್ದದ್ದು ಐದನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟಿಗೆಂದು ಬಿಟ್ಟ ಬಾವಿಯಂಥ ಜಾಗವಿತ್ತು, ಲಿಫ್ಟ್ ಇರಲಿಲ್ಲ. ಎರಡನೇ ಮಹಡಿಯಲ್ಲಿದ್ದ, ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು ಒಂಬತ್ತು ವರ್ಷದಿಂದ "ಲಿಫ್ಟ್ ಕಂಪನಿಗೆ ಬರೆದಿದೀನಿ, ಉತ್ತರ ಬರಬೇಕು" ಎನ್ನುತ್ತಿದ್ದರು. ದಿನಕ್ಕೆರಡು ಸಲ ಐದು ಮಹಡಿ ಹತ್ತಿ ಹತ್ತಿ ಮೊಣಕಾಲು ಸವೆಸಿಕೊಂಡ ಮಾವ, ಈ ಸಲ ಅಧ್ಯಕ್ಷಗಿರಿಗೆ ತಾವೇ ನಿಲ್ಲುವುದೆಂದು ತೀರ್ಮಾನಿಸಿದ್ದರು. ಚುನಾವಣೆ ಭಾನುವಾರ ನಾಲ್ಕು ಗಂಟೆಗೆ. ಅದಕ್ಕಾಗಿ ಅವರು ಮೂವತ್ತಾರು ವಾಕ್ಯಗಳ ಭಾಷಣ ಬರೆದು, ವಾಕ್ಯಗಳಿಗೆ ನಂಬರು ಹಾಕಿ, ಗಡಿಯಾರ ಹಿಡಿದು ಅಭ್ಯಾಸ ಮಾಡಿದ್ದರು. ಇಷ್ಟು ಉಮೇದಿನಲ್ಲಿ ಅವರನ್ನು ಮಗಳು ನೋಡಿಯೇ ಎಷ್ಟೋ ವರ್ಷವಾಗಿತ್ತು.

ಸೋಮವಾರ ಬೆಳಿಗ್ಗೆ ಮಾವನ ಹಲ್ಲು ಸೆಟ್ ಬಟ್ಟಲಿನಲ್ಲಿ ನೆನೆಯುತ್ತಿತ್ತು. ಮುಖ್ಯಸ್ಥನಿಗೆ ಮಾವನ ಸೇವೆ ಮಾಡುವ ಮನಸ್ಸು ಬಂತು. ಅವನಿಗೆ ಇಂಥ ಮನಸ್ಸು ಬಂದಾಗಲೆಲ್ಲ ಮನೆಯವರು ಬಾಗಿಲು ಹಾಕಿಕೊಳ್ಳುವುದು ಒಳ್ಳೆಯದು. ಬಿಸಿನೀರಿನಲ್ಲಿ ಕ್ರಿಮಿ ಸಾಯುತ್ತವೆ ಎಂದು ಎಲ್ಲೋ ಓದಿದ್ದ. ಸೆಟ್ಟನ್ನು ಎತ್ತಿ ಕೆಟಲಿಗೆ ಹಾಕಿ ಸ್ವಿಚ್ಚು ಒತ್ತಿ ಸ್ನಾನಕ್ಕೆ ಹೋದ. ಬಂದು ನೋಡಿದರೆ ಕ್ರಿಮಿಗಳು ಸತ್ತಿದ್ದವೋ ಏನೋ, ಹಲ್ಲುಗಳಂತೂ ಸೊಟ್ಟಗಾಗಿ ಮೇಲಿನದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ತಿರುಗಿಕೊಂಡಿದ್ದವು.

ಮಾವ ಕೆಟಲಿನೊಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮಗಳತ್ತ ತಿರುಗಿ ಬೊಚ್ಚುಬಾಯಲ್ಲಿ ಏನೋ ಹೇಳಿದರು.

"ಏನಂತೆ?" ಎಂದ ಮುಖ್ಯಸ್ಥ.

"ಅರ್ಥ ಆಗಲಿಲ್ಲ" ಎಂದಳು ಹೆಂಡತಿ. "ಆಗದಿದ್ದದ್ದೇ ಒಳ್ಳೇದಾಯ್ತು. ನೋಡಿ, ಭಾನುವಾರದೊಳಗೆ ಅಪ್ಪನ ಬಾಯಿಗೆ ಹಲ್ಲು ಬರದಿದ್ರೆ ಅವರು ಅಕ್ಕನ ಮನೆಗೆ ಹೋಗ್ತಾರಂತೆ. ಅದು ಮಾತ್ರ ಅರ್ಥ ಆಯ್ತು. ಅವರು ಹೋದ್ರೆ ನಾನೂ ಹೋಗ್ತೀನಿ. ಆಮೇಲೆ ಈ ಮನೇಗೂ ನೀವೊಬ್ಬರೇ ಮುಖ್ಯಸ್ಥರು."

ಸಂಜೆಯೇ ಮಾವನನ್ನು ಹಲ್ಲಿನ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದ. ಡಾಕ್ಟರಮ್ಮ ಒಂದು ಕಡ್ಡಿಯಂಥ ಕ್ಯಾಮೆರಾವನ್ನು ಬಾಯೊಳಗೆ ತಿರುಗಿಸಿ ಅಳತೆ ತೆಗೆದರು. ದೊಡ್ಡ ಲ್ಯಾಬಿಗೆ ಆರ್ಡರು ಹೋಗುತ್ತದೆ, ಬುಧವಾರ ಮನೆಗೇ ಬರುತ್ತದೆ ಎಂದರು. ಮುಖ್ಯಸ್ಥ ಎದೆಯುಬ್ಬಿಸಿ, "ಮಾವ, ಆ ಆರ್ಡರು ಹೋಗೋದೇ ನಮ್ಮ ಆಫೀಸಿಂದ. ನಾನೇ ಮುಂದೆ ನಿಂತು ಕಳಿಸ್ತೀನಿ" ಎಂದ.

"ನೀವೇನೂ ನಿಲ್ಲಬೇಕಾಗಿಲ್ಲ, ಅದು ತಾನಾಗೇ ಹೋಗತ್ತೆ" ಎಂದರು ಡಾಕ್ಟರಮ್ಮ. ಆ ಮಾತನ್ನು ಅವನು ವಿನಯ ಎಂದುಕೊಂಡ.

ಮಂಗಳವಾರ ಆಫೀಸಿಗೆ ಬಂದವನೇ ಪರದೆ ನೋಡಿದ. ಮಾವನ ಆರ್ಡರು, ಕೊನೆಯ ಮೂರಂಕಿ ನೂರಹನ್ನೆರಡು, ಅಚ್ಚ ಕೆಂಪು. ಆರು ಸಲ ಕಳಿಸಿ ಕಂಪ್ಯೂಟರು ಸೋತು ಕೂತಿತ್ತು. ಪ್ರೋಗ್ರಾಮರ್ ಮೇಡಂ ಇದ್ದಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿತ್ತು. ಅವರು ಶುಕ್ರವಾರದವರೆಗೆ ರಜ ಹಾಕಿದ್ದರು. ಮುಖ್ಯಸ್ಥ ಫೋನಿನ ಕಡೆ ನೋಡಿದ. ಲ್ಯಾಬಿನವನ ದನಿ ನೆನಪಾಯಿತು. ಪ್ರತಿಜ್ಞೆ ಅಂದರೆ ಪ್ರತಿಜ್ಞೆ. ಫೋನು ಬಿಟ್ಟು ಗುಂಡಿ ಒತ್ತಿದ.

'ಮತ್ತೆ ಕಳಿಸು' ಒತ್ತಿದರೆ ಆರ್ಡರಿಗೆ ಹೊಸ ನಂಬರು ಬೀಳುತ್ತದೆ. ನೂರಹನ್ನೆರಡು ಹೋಗಿ ನೂರಹದಿಮೂರಾಯಿತು. ಕೆಂಪು. ಮತ್ತೆ ಒತ್ತಿದ, ನೂರಹದಿನಾಲ್ಕು. ಕೆಂಪು. ಚಹಾ ಕುಡಿದು ಬಂದು ಒತ್ತಿದ. ಊಟಕ್ಕೆ ಹೋಗುವ ಮುಂಚೆ ಒತ್ತಿದ, ಊಟವಾದ ಮೇಲೆ ಒತ್ತಿದ. ಒಮ್ಮೆ ಕಣ್ಣು ಮುಚ್ಚಿಕೊಂಡು ಒತ್ತಿದ, ಒಮ್ಮೆ ಎಡಗೈಯಲ್ಲಿ ಒತ್ತಿದ. ಮನುಷ್ಯಪ್ರಯತ್ನ ಅಂದರೆ ಏನು ಎಂದು ಆ ದಿನ ಅವನನ್ನು ನೋಡಿ ಕಲಿಯಬೇಕಿತ್ತು.

ಬುಧವಾರ ಮಧ್ಯಾಹ್ನ ಹೆಂಡತಿಯ ಫೋನು ಬಂತು. ಅವಳ ದನಿಯಲ್ಲಿ ಮೂರು ದಿನದಿಂದ ಇಲ್ಲದ ನಗುವಿತ್ತು.

"ರೀ, ಹಲ್ಲು ಬಂತು. ಕೊರಿಯರಮ್ಮ ಕೊಟ್ಟು ಹೋದ್ಲು. ಅಪ್ಪ ಹಾಕ್ಕೊಂಡಿದಾರೆ, ಹೇಗೆ ಕೂತಿದೆ ಗೊತ್ತಾ? ಆಗಲೇ ಆರನೇ ವಾಕ್ಯದವರೆಗೆ ಭಾಷಣ ಮಾಡಿದ್ರು."

ಮುಖ್ಯಸ್ಥ ಪರದೆ ನೋಡಿದ. ಕೆಂಪು. "ಸಾಧ್ಯವೇ ಇಲ್ಲ" ಎಂದ.

"ಏನು ಸಾಧ್ಯ ಇಲ್ಲ? ಬಾಯಲ್ಲೇ ಇದೆ."

"ನನ್ನ ಎದುರಿಗೆ ಕೆಂಪು ಉರೀತಾ ಇದೆ ಕಣೇ. ಆರ್ಡರು ಲ್ಯಾಬಿಗೇ ತಲುಪಿಲ್ಲ. ತಲುಪದೇ ಇರೋ ಆರ್ಡರಿಗೆ ಹಲ್ಲು ಎಲ್ಲಿಂದ ಬರುತ್ತೆ? ಡಬ್ಬಿ ಮೇಲಿನ ನಂಬರು ಓದು."

"ನೂರಹನ್ನೆರಡು."

"ನೋಡಿದ್ಯಾ? ಆ ನಂಬರು ಯಾವಾಗಲೋ ಹೋಯ್ತು, ನಮ್ಮದು ಈಗ ನೂರಮೂವತ್ತು. ಅದು ಬೇರೆ ಯಾರದ್ದೋ ಹಲ್ಲು. ಮೊದಲು ತೆಗೆಸು."

"ಸರಿಯಾಗಿ ಕೂತಿದೆ ಅಂತಿದೀನಲ್ಲ."

"ಅದೇ ನೋಡು ಅಪಾಯ. ಆ ಪಾಪದೋನ ಬಾಯೂ ಮಾವನ ಬಾಯಿ ಥರಾನೇ ಇದೆ ಅಂತ ಅರ್ಥ. ಅವನು ಅಲ್ಲಿ ಊಟ ಇಲ್ಲದೆ ಕೂತಿರ್ತಾನೆ, ಮಾವ ಇಲ್ಲಿ ಅವನ ಹಲ್ಲಲ್ಲಿ ಭಾಷಣ ಮಾಡ್ತಿದಾರೆ."

ಫೋನಿನ ಆಚೆ ಏನೋ ಉಗಿದ ಸದ್ದು ಕೇಳಿತು. ಬೇರೆ ಮಾವನಾಗಿದ್ದರೆ ಅಳಿಯನ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ. ಇವರು ಮೂವತ್ತು ವರ್ಷ ನಂಬರು ತಾಳೆ ನೋಡಿ ಬದುಕಿದವರು. ಕಾಲು ಕಿಲೋ ತೂಕದ ಬಟ್ಟಿನ ಮೇಲಿನ ಮುದ್ರೆ ಮಸುಕಾಗಿದೆ ಎಂದು ಸ್ವಂತ ತಮ್ಮನ ಅಂಗಡಿಗೇ ಬೀಗ ಹಾಕಿಸಿದವರು. ನಂಬರು ತಾಳೆಯಾಗದ ಹಲ್ಲನ್ನು ಅವರು ಬಾಯಲ್ಲಿ ಇಟ್ಟುಕೊಳ್ಳುವ ಮಾತೇ ಇರಲಿಲ್ಲ. ಸೆಟ್ಟನ್ನು ತೊಳೆದು ಒರೆಸಿ ಡಬ್ಬಿಗೆ ಹಾಕಿ, "ಪರರ ಸ್ವತ್ತು" ಎಂದು ಚೀಟಿ ಅಂಟಿಸಿ, ಮತ್ತೆ ಬೊಚ್ಚುಬಾಯಲ್ಲಿ ಕಿಟಕಿಯ ಹತ್ತಿರ ಕೂತರು.

ಅದಾದ ಮೇಲೆ ಡಬ್ಬಿಗಳು ಬರುತ್ತಲೇ ಹೋದವು. ಅಂದು ಸಂಜೆ ನಾಲ್ಕು, ಗುರುವಾರ ಹನ್ನೊಂದು. ಪ್ರತಿ ಸಲವೂ ಹೆಂಡತಿ ಫೋನು ಮಾಡಿ ನಂಬರು ಓದುವಳು, ಪ್ರತಿ ಸಲವೂ ಮುಖ್ಯಸ್ಥನ ಪರದೆಯ ನಂಬರು ಅದಕ್ಕಿಂತ ಮುಂದೆ ಹೋಗಿರುವುದು. "ಅದೂ ನಮ್ಮದಲ್ಲ" ಎಂದು ಹೇಳಿ ಅವನು ಮಾವನಿಗಾಗಿ ಇನ್ನೊಮ್ಮೆ ಗುಂಡಿ ಒತ್ತುವನು. ಮನೆಯಲ್ಲಿ ಮಾವ ಬಂದ ಡಬ್ಬಿಗಳನ್ನೆಲ್ಲ ನಂಬರಿನ ಕ್ರಮದಲ್ಲಿ ಗೋಡೆಗೆ ಜೋಡಿಸಿ ಪಟ್ಟಿ ಬರೆಯುವರು. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿದರೆ ಸಂಸಾರ ಹಾಳಾಗದೆ ಇನ್ನೇನಾಗಬೇಕು?

ಐದು ಮಹಡಿ ಹತ್ತಿ ಹತ್ತಿ ಕೊರಿಯರಮ್ಮನಿಗೆ ಸಾಕುಬೇಕಾಯಿತು. ಗುರುವಾರ ಸಂಜೆ ಅವಳು ಬಾಗಿಲಲ್ಲೇ ಕುಸಿದು ಕೂತು ನೀರು ಕೇಳಿದಳು.

"ಅಮ್ಮಾ, ಎಷ್ಟು ಜನ ಇದೀರಿ ಮನೇಲಿ?"

"ಮೂರು."

"ಮೂವರಿಗೂ ಸೇರಿ ಇಷ್ಟೊಂದು ಹಲ್ಲಾ? ಅಷ್ಟು ಏನು ಅಗೀತೀರಿ?"

ಈ ಮಾತು ಮೆಟ್ಟಿಲಿಳಿಯುತ್ತ ಹೋಯಿತು. ನಾಲ್ಕನೇ ಮಹಡಿಯಲ್ಲಿ ಅದು "ಐದನೆಯವರು ಹಲ್ಲಿನ ವ್ಯಾಪಾರ ಶುರು ಮಾಡಿದಾರೆ" ಎಂದಾಯಿತು. ಮೂರರಲ್ಲಿ "ವ್ಯಾಪಾರ ಅಲ್ಲ, ಪುಕ್ಕಟೆ ಹಂಚ್ತಾರಂತೆ" ಎಂದಾಯಿತು. ಎರಡನೇ ಮಹಡಿಯ ಅಧ್ಯಕ್ಷರ ಮನೆ ಮುಟ್ಟುವ ಹೊತ್ತಿಗೆ ಅದಕ್ಕೆ ರಾಜಕೀಯ ಬಂದಿತ್ತು. ಕಟ್ಟಡದ ನಲವತ್ತು ಮನೆಗಳಲ್ಲಿ ಅರ್ಧಕ್ಕರ್ಧ ಅರವತ್ತು ದಾಟಿದವರೇ ಎಂಬುದನ್ನು ಅಧ್ಯಕ್ಷರಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನೆಲಮಹಡಿಯ ಅಜ್ಜಿ ಕೋಲೂರಿಕೊಂಡು, ಮಹಡಿಗೊಂದು ಸಲ ಕೂತು ಸುಧಾರಿಸಿಕೊಂಡು, ಐದನೇ ಮಹಡಿಗೆ ಬಂದೇಬಿಟ್ಟಳು. "ನನಗೆ ಮೇಲಿಂದು ಮಾತ್ರ ಸಾಕಪ್ಪ, ಕೆಳಗಿಂದು ಇನ್ನೂ ನಾಲ್ಕಿದೆ. ವೋಟು ನಿಮಗೇ" ಎಂದಳು. ಮಾವ ಎರಡೂ ಕೈ ಅಡ್ಡ ಆಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದರು. ಅಜ್ಜಿ ಅದನ್ನು "ಇವತ್ತಲ್ಲ, ನಾಳೆ" ಎಂದು ತಿಳಿದುಕೊಂಡು, ಕೆಳಗಿಳಿಯುವಾಗ ಎಲ್ಲರಿಗೂ ಹಾಗೆಯೇ ಹೇಳಿದಳು.

ಶನಿವಾರ ಪ್ರೋಗ್ರಾಮರ್ ಮೇಡಂ ಕೆಲಸಕ್ಕೆ ಬಂದರು. ಮುಖ್ಯಸ್ಥ ಕಣ್ಣು ಕೆಂಪಗೆ ಮಾಡಿಕೊಂಡು ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದ. ಅವರು ಅವನ ಪರದೆಯತ್ತ ಬಗ್ಗಿ ನೋಡಿದರು.

"ಇದೇನಿದು? ಒಂದೇ ಬಾಯಿಗೆ ಮೂವತ್ತೇಳು ಆರ್ಡರು?"

"ಮೂವತ್ತೇಳು ಪ್ರಯತ್ನ ಮೇಡಂ. ಒಂದೂ ತಲುಪಲಿಲ್ಲ."

"ತಲುಪಿಲ್ಲ ಅಂತ ಯಾರು ಹೇಳಿದ್ರು?"

"ಕೆಂಪು."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಕೆಂಪು ಅಂದ್ರೆ ಉತ್ತರ ಕೇಳಿಸಲಿಲ್ಲ ಅಂತ. ತಲುಪಲಿಲ್ಲ ಅಂತ ಅಲ್ಲ. ನೀವು ಮನೇಲಿ ಊಟಕ್ಕೆ ಕರೆದಾಗ ನಿಮ್ಮ ಮಾವ ಓ ಅನ್ನದೇನೇ ಎದ್ದು ಬರ್ತಾರೆ ಅಂದ್ಕೊಳ್ಳಿ. ನೀವು ಓ ಅನ್ನಲಿಲ್ಲ ಅಂತ ಮೂವತ್ತೇಳು ಸಲ ಬಡಿಸ್ತೀರಾ? ಆ ಲ್ಯಾಬಿನ ಕಂಪ್ಯೂಟರು ಹಲ್ಲು ಮಾಡಿ ಮುಗಿಸಿದ ಮೇಲೆ ಉತ್ತರ ಕೊಡತ್ತೆ. ಅಷ್ಟು ಹೊತ್ತಿಗೆ ನಮ್ಮದು ಕಿವಿ ಮುಚ್ಕೊಂಡಾಗಿರತ್ತೆ. ನೀವು ಒತ್ತಿದ ಒಂದೊಂದಕ್ಕೂ ಹೊಸ ನಂಬರು, ಒಂದೊಂದಕ್ಕೂ ಹೊಸ ಸೆಟ್ಟು."

ಮೇಡಂ ಲ್ಯಾಬಿಗೆ ಫೋನು ಹಚ್ಚಿ ಅವನ ಕೈಗೇ ಕೊಟ್ಟರು. ಪ್ರತಿಜ್ಞೆ ಮುರಿಯಿತು.

"ನೀವಾ?" ಎಂದ ಲ್ಯಾಬಿನವನು. "ಮೂವತ್ತೇಳೂ ಒಂದೇ ಅಳತೆ ಅಂತ ನನಗೂ ಅನುಮಾನ ಬಂತು. ಆಮೇಲೆ ಅಂದ್ಕೊಂಡೆ, ದೊಡ್ಡ ವಂಶ ಇರಬೇಕು, ಎಲ್ಲರಿಗೂ ಒಂದೇ ದವಡೆ ಬಂದಿರಬೇಕು ಅಂತ."

"ಅನುಮಾನ ಬಂದಾಗ ಫೋನು ಮಾಡಬಾರದಿತ್ತಾ?"

"ಜನ್ಮದಲ್ಲಿ ನಿಮಗೆ ಫೋನು ಮಾಡಲ್ಲ ಅಂತ ಶಪಥ ಮಾಡಿದ್ದೆ."

ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅರೆಗಳಿಗೆ ಗೌರವ ಹುಟ್ಟಿತು. ಮೇಡಂ ಆ ಅರೆಗಳಿಗೆಯನ್ನು ಬಿಡದೆ ಫೋನು ಕಿತ್ತುಕೊಂಡು ಕೆಲಸ ಮುಗಿಸಿದರು. ಇನ್ನು ಮೇಲೆ ಲ್ಯಾಬಿನ ಕಂಪ್ಯೂಟರು ಆರ್ಡರು ಬಂದ ಕೂಡಲೇ "ಬಂತು" ಎನ್ನುವುದು, ಹಲ್ಲು ಆಮೇಲೆ ಮಾಡುವುದು. ಇವರು ಎಷ್ಟು ಸಲ ಕಳಿಸಿದರೂ ನಂಬರು ಬದಲಾಯಿಸದಿರುವುದು. ಅದೇ ನಂಬರು ಮತ್ತೆ ಬಂದರೆ ಲ್ಯಾಬಿನವರು ಈಗ ಮಾಡುತ್ತಿರುವಂತೆಯೇ "ಇದು ಆಗಲೇ ಇದೆ" ಎಂದು ಸುಮ್ಮನಿರುವುದು. ಇಷ್ಟನ್ನು ಬಗೆಹರಿಸಲು ಹತ್ತು ನಿಮಿಷ ಸಾಕಾಯಿತು.

ಮುಖ್ಯಸ್ಥ ರಜ ಹಾಕಿ ಮನೆಗೆ ಓಡಿದ. ಮೂವತ್ತೇಳೂ ನಿಮ್ಮವೇ ಮಾವ, ಬೇಕಾದ್ದು ಹಾಕಿಕೊಳ್ಳಿ, ಎಂದು ಹೇಳುವ ಸಂತೋಷದಲ್ಲಿ ಐದು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದ. ಬಾಗಿಲು ತೆಗೆದರೆ ನಡುಮನೆಯಲ್ಲಿ, ನಾಳಿನ ಚುನಾವಣೆ ನಡೆಸಬೇಕಿದ್ದ ಸಂಘಗಳ ಕಚೇರಿಯ ಅಧಿಕಾರಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಪಕ್ಕದಲ್ಲಿ ಎರಡನೇ ಮಹಡಿಯ ಅಧ್ಯಕ್ಷರು ಮರುಗಿದ ಮುಖ ಮಾಡಿಕೊಂಡು ನಿಂತಿದ್ದರು. ಗೋಡೆಯುದ್ದಕ್ಕೂ, ಶುಕ್ರವಾರ ಮತ್ತು ಅಂದು ಬೆಳಿಗ್ಗೆ ಬಂದವೂ ಸೇರಿ, ಮೂವತ್ತೇಳು ಡಬ್ಬಿಗಳು ಸಾಕ್ಷಿ ಹೇಳಲು ಬಂದವರ ಹಾಗೆ ಸಾಲಾಗಿದ್ದವು.

"ಮತದಾರರಿಗೆ ಹಲ್ಲು ಹಂಚ್ತಿದೀರಿ ಅಂತ ದೂರು ಬಂದಿದೆ" ಎಂದರು ಅಧಿಕಾರಿ.

ಮುಖ್ಯಸ್ಥ ವಿವರಿಸಿದ. ಕೆಂಪು ಚುಕ್ಕೆ, ಐದು ಸೆಕೆಂಡು, ಹೊಸ ನಂಬರು, ದೊಡ್ಡ ವಂಶ, ಎಲ್ಲ ಹೇಳಿದ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದವರು ಹಾಗೇ ಮುಚ್ಚಿದರು.

"ಕಂಪ್ಯೂಟರು ಹೂಂ ಅನ್ನಲಿಲ್ಲ, ಅದಕ್ಕೆ ಒಬ್ಬ ಮನುಷ್ಯನಿಗೆ ಮೂವತ್ತೇಳು ಸೆಟ್ ಹಲ್ಲು ಬಂತು. ಇದನ್ನ ನಾನು ವರದೀಲಿ ಬರೆದ್ರೆ ನನ್ನನ್ನ ಆಸ್ಪತ್ರೆಗೆ ಸೇರಿಸ್ತಾರೆ. ಇವೆಲ್ಲ ಇವರದ್ದೇ ಅಂತ ರುಜುವಾತು ಏನಿದೆ? ಇಲ್ಲದಿದ್ರೆ ನಾಳೆ ಇವರ ಹೆಸರಿಗೆ ಬಿದ್ದ ಚೀಟಿ ಎಣಿಸೋ ಹಾಗಿಲ್ಲ."

ಆಗ ಮಾವ ಎದ್ದರು. ಸೀದಾ ಗೋಡೆಯ ಹತ್ತಿರ ಹೋಗಿ ನೂರಹನ್ನೆರಡನೇ ಡಬ್ಬಿ ತೆಗೆದು ಸೆಟ್ಟನ್ನು ಬಾಯಿಗೆ ಹಾಕಿಕೊಂಡರು. ದವಡೆಯನ್ನು ಎರಡು ಸಲ ಆಡಿಸಿದರು. ಬುಧವಾರದಿಂದ ಕಟ್ಟಿಟ್ಟಿದ್ದ ದನಿ ಹೊರಬಂತು.

"ತಪಾಸಣೆ ಮಾಡಿ. ಒಂದೊಂದನ್ನೂ ಮಾಡಿ. ಮಾದರಿಗೆ ಒಂದೆರಡು ತೆಗೆದು ನೋಡೋ ಸೋಮಾರಿ ಕೆಲಸ ನಂಗೆ ಆಗಲ್ಲ. ನಾಳೆ ಸಭೇಲಿ, ಎಲ್ಲರ ಎದುರಿಗೆ, ಮೂವತ್ತೇಳನ್ನೂ ಹಾಕಿ ತೋರಿಸ್ತೀನಿ. ಒಂದು ಅಲುಗಾಡಿದ್ರೂ ನನ್ನ ಚೀಟಿ ಹರಿದು ಹಾಕಿ."

ಅಧಿಕಾರಿಗೂ ನೌಕರಿಯಲ್ಲಿ ಇಂಥ ಅಭ್ಯರ್ಥಿ ಸಿಕ್ಕಿರಲಿಲ್ಲ. ಒಪ್ಪಿದರು.

ಭಾನುವಾರ ನಾಲ್ಕು ಗಂಟೆಗೆ ನೆಲಮಹಡಿಯ ಸೈಕಲ್ ನಿಲ್ಲಿಸುವ ಕೋಣೆಯಲ್ಲಿ ಸೈಕಲ್‌ಗಳನ್ನು ಹೊರಗೆ ಹಾಕಿ ಕುರ್ಚಿಗಳನ್ನು ಜೋಡಿಸಲಾಗಿತ್ತು. ವರ್ಷದ ಸಭೆಗೆ ಹತ್ತು ಜನ ಸೇರಿದರೆ ಹೆಚ್ಚು, ಅಂದು ನಲವತ್ತೂ ಮನೆಯವರು ಬಂದಿದ್ದರು. ಅಧಿಕಾರಿ ನಿಯಮ ಓದಿದರು: ನಾಮಪತ್ರ ಅಂತೇನಿಲ್ಲ, ಮನೆಗೊಂದು ಚೀಟಿ, ಈ ಕಟ್ಟಡದಲ್ಲಿರುವ ಯಾರ ಹೆಸರನ್ನಾದರೂ ಬರೆಯಬಹುದು. ಅಧ್ಯಕ್ಷರು ಎದ್ದು, ಸಮಯದ ಅಭಾವದಿಂದ ಭಾಷಣಕ್ಕೆ ತಲಾ ಎರಡೇ ನಿಮಿಷ ಎಂದು ಘೋಷಿಸಿದರು. ಮೂವತ್ತಾರು ವಾಕ್ಯಗಳ ಸುದ್ದಿ ಅವರಿಗೂ ಮುಟ್ಟಿತ್ತು.

"ಭಾಷಣಕ್ಕೆ ಎರಡು ನಿಮಿಷ ಸರಿ" ಎಂದರು ಅಧಿಕಾರಿ. "ಆದ್ರೆ ಮೊದಲು ತಪಾಸಣೆ. ತಪಾಸಣೆಗೆ ಸಮಯದ ಮಿತಿ ಇಲ್ಲ. ಒಂದೊಂದು ಸೆಟ್ಟು ಹಾಕ್ಕೊಂಡು ಏನಾದ್ರೂ ಒಂದು ವಾಕ್ಯ ಸ್ಪಷ್ಟವಾಗಿ ಹೇಳಿ."

ಮಾವ ಕೋಟಿನ ಜೇಬಿನಿಂದ ಕಾಗದ ತೆಗೆದರು.

ಮುಖ್ಯಸ್ಥ ಒಂದು ಕಡೆ ನಿಂತು ಡಬ್ಬಿ ತೆಗೆದು ಕೊಡುವನು, ಹೆಂಡತಿ ಇನ್ನೊಂದು ಕಡೆ ನೀರಿನ ಬಟ್ಟಲು ಹಿಡಿದು ಬಿಚ್ಚಿದ್ದನ್ನು ತೊಳೆದಿಡುವಳು. ಮಾವ ಮೊದಲ ಸೆಟ್ಟು ಹಾಕಿ, "ಒಂದು. ಈ ಕಟ್ಟಡಕ್ಕೆ ಎಂಬತ್ತೆಂಟು ಮೆಟ್ಟಿಲು" ಎಂದರು. ಬಿಚ್ಚಿ, ಎರಡನೆಯದು ಹಾಕಿ, "ಎರಡು. ಅದರಲ್ಲಿ ಮೂವತ್ತೊಂದು ಒಡೆದಿದೆ" ಎಂದರು. ಅಧಿಕಾರಿ ಬಗ್ಗಿ ಬಾಯಿಗೆ ಟಾರ್ಚು ಬಿಟ್ಟು ನೋಡಿ, ಸರಿ ಎಂದು ಗುರುತು ಹಾಕುವರು. ಮೂರನೆಯದರಲ್ಲಿ ನೀರಿನ ಟ್ಯಾಂಕು ಬಂತು, ಏಳನೆಯದರಲ್ಲಿ ಕಸದ ಡಬ್ಬಿ. ಪ್ರತಿ ವಾಕ್ಯದ ನಡುವೆ ಅರ್ಧ ನಿಮಿಷ ಮೌನ ಇರುತ್ತಿದ್ದರಿಂದ ಜನ ಅದನ್ನು ಕೂತು ಯೋಚಿಸುತ್ತಿದ್ದರು. ಯಾವ ಭಾಷಣಗಾರನಿಗೂ ಇಂಥ ಸಭೆ ದಕ್ಕಿದ್ದಿಲ್ಲ.

ಹನ್ನೆರಡನೇ ಸೆಟ್ಟಿನಲ್ಲಿ ಅಧ್ಯಕ್ಷರು ತಡೆಯಲಾರದೆ ಎದ್ದರು. "ಇದು ಭಾಷಣ ಸಾರ್."

"ತಪಾಸಣೆಗೆ ಅಡ್ಡಿ ಮಾಡಬೇಡಿ" ಎಂದರು ಅಧಿಕಾರಿ. "ದೂರು ಕೊಟ್ಟೋರು ನೀವೇ ಅಲ್ವಾ? ಕೂತ್ಕೊಳ್ಳಿ."

ಮೂವತ್ತಾರನೆಯದನ್ನು ಬಿಚ್ಚುವ ಹೊತ್ತಿಗೆ ಮಾವನ ಕಾಗದ ಮುಗಿಯಿತು. ಆದರೆ ಇನ್ನೂ ಒಂದು ಡಬ್ಬಿ ಇತ್ತು. ಮುಖ್ಯಸ್ಥ ಅದನ್ನು ಚಾಚಿದ. ಅದೂ ಸರಿಯಾಗಿ ಕೂತಿತು. ಹೇಳಲು ಮಾತು ಮಾತ್ರ ಉಳಿದಿರಲಿಲ್ಲ. ಮಾವ ಸಭೆಯನ್ನು ನೋಡಿದರು, ಅಧಿಕಾರಿಯ ಟಾರ್ಚನ್ನು ನೋಡಿದರು, ಕೊನೆಗೆ ಕೆಟಲಿನ ದಿನದಿಂದ ತಾವು ಮುಖವೆತ್ತಿ ನೋಡದ ಅಳಿಯನನ್ನು ನೋಡಿದರು.

"ಮೂವತ್ತೇಳು" ಎಂದು ಶುರು ಮಾಡಿದರು. "ನಾವು ಲಿಫ್ಟಿಗೆ ಒಂದು ಸಲ ಪತ್ರ ಬರೆದು, ಉತ್ತರ ಬರಲಿಲ್ಲ ಅಂತ ಒಂಬತ್ತು ವರ್ಷ ಸುಮ್ಮನೆ ಕೂತ್ವಿ, ಇಲ್ಲಿ ನಿಂತಿದಾನಲ್ಲ, ಈ ನನ್ನ ಅಳಿಯ, ಇವನು ದಡ್ಡನೇ ಇರಬಹುದು, ಆದ್ರೆ ಉತ್ತರ ಬರಲಿಲ್ಲ ಅಂತ ಸುಮ್ಮನೆ ಕೂರೋ ಪೈಕಿ ಅಲ್ಲ."

ನೆಲಮಹಡಿಯ ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹೆಂಡತಿಯ ಕಣ್ಣಲ್ಲಿ ನೀರು ಬಂದು ಹಲ್ಲಿನ ಬಟ್ಟಲಿಗೆ ಬಿತ್ತು. ಮಾವನ ಗೆಲುವು ಖಂಡಿತ ಎಂದು ಮುಖ್ಯಸ್ಥನಿಗೆ ಅನ್ನಿಸಿ, ಒಂದು ವಾರದಲ್ಲಿ ಮೊದಲ ಬಾರಿಗೆ ಉಸಿರು ಸಲೀಸಾಯಿತು.

ಅಧಿಕಾರಿ ಚೀಟಿಗಳನ್ನು ಬಿಚ್ಚಿದರು. ಅಧ್ಯಕ್ಷರಿಗೆ ಆರು. ಮಾವನಿಗೆ ಮೂರು. ಉಳಿದವನ್ನು ಅವರು ತಿರುಗಿಸಿ ಮುರುಗಿಸಿ ನೋಡಿ ಕನ್ನಡಕ ಒರೆಸಿಕೊಂಡರು.

"ಮೂವತ್ತೊಂದು ಚೀಟೀಲಿ 'ಅಳಿಯ' ಅಂತ ಇದೆ. ಯಾರಿದು?"

ಎಲ್ಲರೂ ಕೈ ತೋರಿಸಿದರು. ಮುಖ್ಯಸ್ಥ ತನ್ನ ಬೆನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದ. ಗೋಡೆಯಿತ್ತು.

"ಯಾರಾದ್ರೂ ಒಬ್ಬರು ಆ ಲಿಫ್ಟ್ ಕಂಪನಿ ಬೆನ್ನು ಬೀಳಬೇಕಲ್ಲಪ್ಪ" ಎಂದಳು ಅಜ್ಜಿ. "ನಿಮ್ಮ ಮಾವನೇ ಹೇಳಿದ್ರಲ್ಲ, ನಿನ್ನಷ್ಟು ಗಂಟು ಬೀಳೋನು ಇನ್ನೊಬ್ಬ ಇಲ್ಲ ಅಂತ."

ಹಲ್ಲು ಕೆಡಿಸಿದ್ದು ಸಾಲದು ಅಂತ ಈಗ ಕುರ್ಚಿಯನ್ನೂ ಕಿತ್ತುಕೊಂಡಂತಾಯಿತು. "ಮಾವ, ಇದು ಬೇಕು ಅಂತ ನಾನು ಕೇಳಿರಲಿಲ್ಲ" ಎಂದ. "ಈಗಲೇ ಬೇಡ ಅಂತ ಬರೆದುಕೊಡ್ತೀನಿ. ಅಕ್ಕನ ಮನೆಗೆ ಮಾತ್ರ ಹೋಗಬೇಡಿ."

ಮಾವ ಮೇಜಿನ ಹತ್ತಿರ ಹೋಗಿ ಚೀಟಿಗಳನ್ನೆಲ್ಲ ಎಳೆದುಕೊಂಡು ತಾವೇ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆರು, ಮೂರು, ಮೂವತ್ತೊಂದು, ಒಟ್ಟು ನಲವತ್ತು. ಸಭೆಯೆಲ್ಲ ಅವರ ಬಾಯನ್ನೇ ನೋಡುತ್ತಿತ್ತು.

"ಲೆಕ್ಕ ತಾಳೆಯಾಗತ್ತೆ" ಎಂದರು ಮಾವ. ಬಾಯಲ್ಲಿದ್ದದ್ದನ್ನು ಬಿಟ್ಟು ಉಳಿದ ಮೂವತ್ತಾರು ಡಬ್ಬಿಗಳನ್ನು ತುಂಬಿದ ದೊಡ್ಡ ಪೆಟ್ಟಿಗೆಯನ್ನು ಕಾಲಿನಿಂದ ಅಳಿಯನ ಕಡೆ ಸರಿಸಿದರು.

"ಎತ್ಕೊಳ್ಳಿ ಅಧ್ಯಕ್ಷರೇ. ಐದು ಮಹಡಿ ಹತ್ತಬೇಕು."